ಗಿಟಾರ್ ಹಿಡಿದವರ ಕೈಗೆ ಖಾತೆ ಬಂದಾಗ

ಓದುಗರ ಪ್ರಶ್ನೆ: ಬ್ರೆಜಿಲ್‌ನ ಜಿಲ್ಬರ್ಟೊ ಜಿಲ್ ಜನಪದ ಧಾಟಿಯಲ್ಲಿ ಹಾಡು ಕಟ್ಟಿ ಹಾಡುತ್ತಿದ್ದವರು, ಮಿಲಿಟರಿ ಸರ್ಕಾರ ಅವರನ್ನು ಜೈಲಿಗೆ ಹಾಕಿತ್ತು, ಆಮೇಲೆ ಅವರೇ ಸಂಸ್ಕೃತಿ ಮಂತ್ರಿಯಾದರು ಅಂತ ಓದಿದೆ. ಮಂತ್ರಿಯಾಗಿ ಅವರು ನಿಜಕ್ಕೂ ಏನಾದರೂ ಮಾಡಿದರಾ, ಅಥವಾ ಸರ್ಕಾರಕ್ಕೆ ಒಂದು ಚೆಂದದ ಮುಖ ಬೇಕಿತ್ತು ಅಂತ ಕೂರಿಸಿದರಾ? ಅವರೊಳಗಿನ ಹೋರಾಟಗಾರ ಏನಾದ?

ಉತ್ತರ: ಚೆಂದದ ಮುಖ ಬೇಕಿತ್ತು ಅನ್ನುವುದು ಪೂರ್ತಿ ಸುಳ್ಳಲ್ಲ. 2003ರ ಜನವರಿ 1ರಂದು ಲೂಲ ದಾ ಸಿಲ್ವ ಅಧ್ಯಕ್ಷರಾದಾಗ ಹಣ ಹೂಡುವವರಿಗೆಲ್ಲ ಒಳಗೊಳಗೇ ಅಳುಕಿತ್ತು. ಲೋಹದ ಕಾರ್ಖಾನೆಯಲ್ಲಿ ದುಡಿದು, ಯೂನಿಯನ್ ಕಟ್ಟಿ ಮೇಲೆ ಬಂದ ಮನುಷ್ಯ ಅವರು. ಇಂಥ ಸರ್ಕಾರದಲ್ಲಿ ಜಗತ್ತಿಗೆಲ್ಲ ಪರಿಚಯವಿರುವ, ನಗುಮುಖದ ಒಬ್ಬ ಕಪ್ಪು ಹಾಡುಗಾರ ಮಂತ್ರಿಯಾಗಿದ್ದರೆ ಒಳ್ಳೆಯದೇ ಅಲ್ವಾ? ಆದರೆ ಲೂಲರ ವರ್ಕರ್ಸ್ ಪಾರ್ಟಿಯ ಒಳಗೇ ಗೊಣಗಾಟ ಶುರುವಾಯಿತು. ಜಿಲ್ ಆ ಪಕ್ಷದವರಲ್ಲ, ಗ್ರೀನ್ ಪಾರ್ಟಿಯವರು. ಪಕ್ಷಕ್ಕಾಗಿ ವರ್ಷಗಟ್ಟಲೆ ದುಡಿದವರಿಗೆ ಹೊರಗಿನವರು ಬಂದು ಕೂತದ್ದು ಸಹಿಸಲಿಲ್ಲ. ಇದರ ಮೇಲೆ ಜಿಲ್, ಮಂತ್ರಿಯ ಸಂಬಳ ತಮಗೆ ಸಾಲದು, ಬಿಡುವಿನಲ್ಲಿ ಸಂಗೀತ ಕಛೇರಿ ಕೊಡುತ್ತೇನೆ ಅಂತ ಬಾಯಿಬಿಟ್ಟು ಹೇಳಿಬಿಟ್ಟರು. ಟೀಕಿಸುವವರಿಗೆ ಇನ್ನೇನು ಬೇಕು!

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಜಿಲ್ ಮಾಡಿದ ಕೆಲಸ ನಿಜವಾದದ್ದು. ಅದರಲ್ಲಿ ಒಳ್ಳೆಯ ಭಾಗವನ್ನು ಹಾಡುಗಾರನೇ ಮಾಡಬೇಕಿತ್ತು, ಅಧಿಕಾರಿಗಳಿಗೆ ಹೊಳೆಯುತ್ತಿರಲಿಲ್ಲ. ಹೋರಾಟಗಾರ ಮಾತ್ರ ಅದಕ್ಕೆ ಬೆಲೆ ತೆತ್ತ. ಎರಡನ್ನೂ ಸ್ವಲ್ಪ ಬಿಡಿಸಿ ಹೇಳಬೇಕು.

ಮೊದಲು ಒಂದು ತಪ್ಪು ಚಿತ್ರ ತೆಗೆದುಹಾಕೋಣ. ವೇದಿಕೆಯಿಂದ ನೇರ ಕಚೇರಿಗೆ ಕಾಲಿಟ್ಟ, ಫೈಲು ಅಂದರೆ ಏನೆಂದು ಗೊತ್ತಿಲ್ಲದ ಕಲಾವಿದ ಅಂತ ಅವರನ್ನು ಅಂದುಕೊಳ್ಳಬೇಡಿ. ಅವರು ಓದಿದ್ದು ಬಯಿಯ ರಾಜ್ಯದ ಫೆಡರಲ್ ವಿಶ್ವವಿದ್ಯಾಲಯದಲ್ಲಿ, ಆಡಳಿತ ನಿರ್ವಹಣೆ. ಸಾಲ್ವಡಾರ್ ನಗರದ ಕಸ್ಟಮ್ಸ್‌ನಲ್ಲಿ ಕೆಲಸಕ್ಕಿದ್ದರು. 1965ರಲ್ಲಿ ಸಾವೊ ಪೌಲೊಗೆ ಹೋಗಿದ್ದು ಸೋಪು ತಯಾರಿಸುವ ಜೆಸ್ಸಿ ಲಿವರ್ ಕಂಪನಿಯ ನೌಕರನಾಗಿ. ಹಗಲು ಟೈ ಕಟ್ಟಿಕೊಂಡು ಆಫೀಸು, ರಾತ್ರಿ ಗಿಟಾರ್.

ಸಂಗೀತದ ಬೇರು ಮಾತ್ರ ಬೇರೆ ಕಡೆ ಇದೆ. ಜಿಲ್ ಹುಟ್ಟಿದ್ದು 1942ರಲ್ಲಿ ಸಾಲ್ವಡಾರ್‌ನಲ್ಲಿ, ಬೆಳೆದದ್ದು ಬಯಿಯ ಒಳನಾಡಿನ ಇತುವಸು ಅನ್ನುವ ಚಿಕ್ಕ ಊರಿನಲ್ಲಿ. ಅಪ್ಪ ಡಾಕ್ಟರು, ಅಮ್ಮ ಟೀಚರು. ಮಳೆ ಕೈಕೊಡುವ ಈಶಾನ್ಯ ಬ್ರೆಜಿಲ್‌ನ ಸಂಗೀತ ಬಯಾವುಂ. ಅಕಾರ್ಡಿಯನ್, ದೊಡ್ಡ ಡೋಲು, ತ್ರಿಕೋನದ ಕಬ್ಬಿಣದ ತಾಳ, ಇಷ್ಟೇ ಸಾಕು. ಅದನ್ನು ರೇಡಿಯೊದಲ್ಲಿ ದೇಶಕ್ಕೆಲ್ಲ ಕೇಳಿಸಿದವರು ಲೂಯಿಸ್ ಗೊಂಜಾಗ. ಅವರನ್ನು ಕೇಳಿ ಹುಚ್ಚು ಹಿಡಿದು ಹುಡುಗ ಜಿಲ್ ಮೊದಲು ಕಲಿತದ್ದು ಅಕಾರ್ಡಿಯನ್. ಗಿಟಾರ್ ಕೈಗೆ ಬಂದದ್ದು ಆಮೇಲೆ, ಜುವಾವುಂ ಜಿಲ್ಬರ್ಟೊ ಅವರ ಬೋಸ ನೋವ ಅನ್ನುವ ಮೆಲುದನಿಯ ಗಿಟಾರ್ ಸಂಗೀತ ಕೇಳಿದ ಮೇಲೆ.

1967ರಲ್ಲಿ ನಡೆದ ಎರಡು ಸಂಗತಿ ನೋಡಿದರೆ ಈ ಮನುಷ್ಯ ಅರ್ಥವಾಗುತ್ತಾರೆ. ಜುಲೈನಲ್ಲಿ ಸಾವೊ ಪೌಲೊದಲ್ಲಿ ಒಂದು ಮೆರವಣಿಗೆ ನಡೆಯಿತು. ಯಾವುದರ ವಿರುದ್ಧ ಗೊತ್ತಾ? ಎಲೆಕ್ಟ್ರಿಕ್ ಗಿಟಾರ್ ವಿರುದ್ಧ! ಅದು ವಿದೇಶಿ ವಾದ್ಯ, ನಮ್ಮ ಸಂಗೀತವನ್ನು ಹಾಳುಮಾಡುತ್ತೆ ಅನ್ನುವ ವಾದ. ಮೆರವಣಿಗೆಯಲ್ಲಿ ಜಿಲ್ ಕೂಡ ಇದ್ದರು. ಅದೇ ಅಕ್ಟೋಬರ್‌ನಲ್ಲಿ ಟೀವಿ ರೆಕಾರ್ಡ್ ಚಾನೆಲ್ ನಡೆಸಿದ ಹಾಡಿನ ಸ್ಪರ್ಧೆಗೆ ಅವರು ಬಂದದ್ದು ಎಲೆಕ್ಟ್ರಿಕ್ ಗಿಟಾರ್ ಹಿಡಿದ ಓಸ್ ಮುತಾಂತಿಸ್ ಅನ್ನುವ ರಾಕ್ ತಂಡದ ಜೊತೆ. ಪಕ್ಕದಲ್ಲೇ ಕುಣಿತವೂ ಕಾಳಗವೂ ಆದ ಕಪುಯೆರ ಆಟದ ಬೆರಿಂಬಾವ್, ಅಂದರೆ ಬಿಲ್ಲಿಗೆ ಒಂದೇ ತಂತಿ ಕಟ್ಟಿ, ಬುಡಕ್ಕೆ ಸೋರೆಬುರುಡೆ ಸಿಕ್ಕಿಸಿದ ವಾದ್ಯ. ಹಿಂದೆ ವಾದ್ಯಮೇಳ. ಹಾಡಿನ ಕಥೆಯೋ, ಕೂಲಿ ಮಾಡುವ ಇಬ್ಬರು ಗೆಳೆಯರ ನಡುವೆ ಭಾನುವಾರದ ಪಾರ್ಕಿನಲ್ಲಿ ನಡೆಯುವ ಕೊಲೆ. ಎರಡನೇ ಬಹುಮಾನ ಬಂತು. ತ್ರೊಪಿಕಾಲಿಯ ಅಂತ ಹೆಸರಾದ ಚಳವಳಿ ಶುರುವಾದದ್ದು ಆ ರಾತ್ರಿಯ ಆಸುಪಾಸಿನಲ್ಲೇ. ಇನ್ನೊಬ್ಬ ಮುಂದಾಳು ಬಯಿಯದವರೇ ಆದ ಕಯೆತಾನು ವೆಲೋಜು.

ಇಲ್ಲಿ ಒಂದು ಮಾತು. ಹೋರಾಟಗಾರ ಅಂದಾಕ್ಷಣ ನಾವು ಘೋಷಣೆಯ ಹಾಡು ಹುಡುಕುತ್ತೇವೆ. ಜಿಲ್ ಹಾಡಿನಲ್ಲಿ ಅದು ಕಡಿಮೆ. ಆಗಿನ ಎಡಪಂಥದ ವಿದ್ಯಾರ್ಥಿಗಳು ತ್ರೊಪಿಕಾಲಿಯದವರನ್ನು ಕಂಡರೆ ಸಿಡಿಮಿಡಿ ಅನ್ನುತ್ತಿದ್ದರು. ಬಲಪಂಥದ ಮಿಲಿಟರಿಗೂ ಇವರು ಬೇಡ. ಹಳ್ಳಿಯ ತಾಳಕ್ಕೆ ರಾಕ್ ಬೆರೆಸಿ, ಕೂದಲು ಬಿಟ್ಟು, ಪ್ಲಾಸ್ಟಿಕ್ ಬಟ್ಟೆ ಹಾಕಿಕೊಂಡು ಕುಣಿಯುವವರನ್ನು ಯಾವ ಸಾಲಿನಲ್ಲಿ ನಿಲ್ಲಿಸೋದು ಅಂತ ಇಬ್ಬರಿಗೂ ಗೊತ್ತಾಗಲಿಲ್ಲ. 1968ರ ಡಿಸೆಂಬರ್ 13ರಂದು ಮಿಲಿಟರಿ ಐದನೇ ಸಾಂಸ್ಥಿಕ ಕಾಯ್ದೆ ತಂದು ಸಂಸತ್ತಿಗೆ ಬೀಗ ಹಾಕಿತು. ಎರಡು ವಾರದಲ್ಲಿ ಜಿಲ್, ಕಯೆತಾನು ಇಬ್ಬರೂ ಬಂಧನದಲ್ಲಿ. ಸುಮಾರು ಎರಡು ತಿಂಗಳು ಜೈಲು, ಆಮೇಲೆ ಸಾಲ್ವಡಾರ್ ಬಿಟ್ಟು ಕದಲಬಾರದೆಂಬ ಕಟ್ಟುಪಾಡು. ಕೊನೆಗೆ ದೇಶ ಬಿಡಿ ಅಂದರು. ದಾರಿ ಖರ್ಚಿಗೆ ಅಂತ 1969ರ ಜುಲೈನಲ್ಲಿ ಸಾಲ್ವಡಾರ್‌ನ ನಾಟಕಶಾಲೆಯಲ್ಲಿ ಹಾಡಲು ಬಿಟ್ಟರು. ಹೊರಗೆ ಹಾಕುವ ಸರ್ಕಾರವೇ ಬೀಳ್ಕೊಡುಗೆ ಕಛೇರಿಗೆ ಪರವಾನಗಿ ಕೊಡುವುದು, ಎಂಥ ತಮಾಷೆ. ಲಂಡನ್ನಿನಲ್ಲಿ ಇದ್ದು 1972ರ ಜನವರಿಯಲ್ಲಿ ವಾಪಸಾದರು.

ವಾಪಸು ಬಂದ ಮೇಲೆ ಅವರು ಮಾಡಿದ ಒಂದು ಕೆಲಸ ನನಗೆ ಎಲ್ಲಕ್ಕಿಂತ ಇಷ್ಟ. ಸಾಲ್ವಡಾರ್‌ನಲ್ಲಿ ಫಿಲ್ಯೂಸ್ ಜಿ ಗಾಂಧಿ ಅನ್ನುವ ಕಾರ್ನಿವಲ್ ತಂಡವಿದೆ. ಗಾಂಧಿಯ ಮಕ್ಕಳು. ಹೌದು, ನಮ್ಮ ಗಾಂಧಿಯೇ. 1949ರಲ್ಲಿ, ಗಾಂಧಿ ಕೊಲೆಯಾದ ಮರುವರ್ಷ, ಬಂದರಿನಲ್ಲಿ ಮೂಟೆ ಹೊರುವ ಕಪ್ಪು ಹಮಾಲರು ಕಟ್ಟಿದ ತಂಡ. ಬಿಳಿ ನಿಲುವಂಗಿ, ತಲೆಗೆ ಮೈ ಒರೆಸುವ ಟವೆಲ್ಲನ್ನೇ ಸುತ್ತಿ ಹೊಲಿದ ಮುಂಡಾಸು, ಕೊರಳಲ್ಲಿ ನೀಲಿ ಬಿಳಿ ಮಣಿಸರ. ಹಾಡುವುದು ಆಫ್ರಿಕದಿಂದ ಗುಲಾಮರ ಜೊತೆ ಬಂದ ಕಂದೊಂಬ್ಲೆ ದೇವರುಗಳ ಹಾಡು, ಇಜೆಶಾ ಅನ್ನುವ ನಿಧಾನದ ತಾಳಕ್ಕೆ. ಜಿಲ್ ಬಂದಾಗ ತಂಡ ಸೊರಗಿ ಹೋಗಿತ್ತು. ಅವರು ಸೇರಿಕೊಂಡರು, ಉಳಿದವರಂತೆ ಬಿಳಿ ಬಟ್ಟೆ ಹಾಕಿ ಬೀದಿಯಲ್ಲಿ ನಡೆದರು, ತಂಡದ ಮೇಲೆ ಒಂದು ಹಾಡು ಕಟ್ಟಿದರು. ತಂಡ ಮತ್ತೆ ತುಂಬಿಕೊಂಡಿತು. ಈಗ ಕಾರ್ನಿವಲ್ ದಿನ ಅವರು ಹೊರಟರೆ ಬೀದಿಯೆಲ್ಲ ಬೆಳ್ಳಗಾಗುತ್ತೆ. ಮುಂದೆ ಮಂತ್ರಿಯಾಗಿ ಮಾಡಿದ್ದರ ಬೀಜ ಇಲ್ಲೇ ಇದೆ ಅಂತ ನಾನು ಹೇಳುತ್ತೇನೆ. ಹೊಸದೇನನ್ನೋ ಸ್ಥಾಪಿಸಲು ಹೋಗಲಿಲ್ಲ. ಇದ್ದದ್ದರ ಪಕ್ಕ ಹೋಗಿ ನಿಂತರು.

ರಾಜಕೀಯವೂ ಅಲ್ಲಿಂದಲೇ. 1987ರಲ್ಲಿ ಸಾಲ್ವಡಾರ್ ನಗರದ ಸಂಸ್ಕೃತಿ ಸಂಸ್ಥೆಯ ಅಧ್ಯಕ್ಷರಾದರು. 1988ರಲ್ಲಿ ಮೇಯರ್ ಚುನಾವಣೆಗೆ ನಿಲ್ಲುವ ಆಸೆಯಿತ್ತು, ಪಕ್ಷ ಟಿಕೆಟ್ ಕೊಡಲಿಲ್ಲ. ನಗರಸಭೆಗೆ ನಿಂತು, ಎಲ್ಲರಿಗಿಂತ ಜಾಸ್ತಿ ಮತ ಪಡೆದು ಗೆದ್ದರು. ಸಮುದ್ರ, ನದಿ ನೀರಿನ ರಕ್ಷಣೆಗೆ ಓಂದ ಅಜುಲ್ ಅನ್ನುವ ಸಂಸ್ಥೆ ಕಟ್ಟಿದರು. ಆಮೇಲೆ ಗ್ರೀನ್ ಪಾರ್ಟಿ ಸೇರಿದರು. ಅಂದರೆ ಲೂಲ ಕರೆದಾಗ ಜಿಲ್‌ಗೆ ಅರವತ್ತು ವರ್ಷ, ಚರಂಡಿ ಬಜೆಟ್ಟಿನ ಚರ್ಚೆಯಲ್ಲಿ ಕೂತು ಎದ್ದ ಅನುಭವವೂ ಇತ್ತು.

ಈಗ ಮಂತ್ರಿಗಿರಿ. ಅಲ್ಲಿವರೆಗೆ ಬ್ರೆಜಿಲ್‌ನಲ್ಲಿ ಸಂಸ್ಕೃತಿಗೆ ಹಣ ಹೇಗೆ ಹೋಗುತ್ತಿತ್ತು ಅಂತ ತಿಳಿದರೆ ಮಾತ್ರ ಅವರು ಮಾಡಿದ್ದು ಕಾಣುತ್ತೆ. 1991ರ ಒಂದು ಕಾನೂನಿದೆ, ಜನ ಅದನ್ನು ರುವಾನೆ ಕಾನೂನು ಅನ್ನುತ್ತಾರೆ. ಕಂಪನಿಯೊಂದು ನಾಟಕಕ್ಕೋ ಕಛೇರಿಗೋ ಹಣ ಕೊಟ್ಟರೆ ಅದನ್ನು ತಾನು ಕಟ್ಟುವ ತೆರಿಗೆಯಲ್ಲಿ ಕಡಿತ ಮಾಡಿಕೊಳ್ಳಬಹುದು. ಕೇಳಲು ಚೆನ್ನಾಗಿದೆ. ಆದರೆ ಹಣ ಯಾರಿಗೆ ಅಂತ ತೀರ್ಮಾನಿಸುವವರು ಕಂಪನಿಯ ಜಾಹೀರಾತು ವಿಭಾಗದವರು. ಅವರಿಗೆ ಬೇಕಾದ್ದು ಹೆಸರಿದ್ದ ನಟ, ದೊಡ್ಡ ಪೋಸ್ಟರ್. ಹೀಗಾಗಿ ಹಣದ ಬಹುಪಾಲು ರಿಯೊ, ಸಾವೊ ಪೌಲೊ ನಡುವೆಯೇ ಸುತ್ತುತ್ತಿತ್ತು. ಖಜಾನೆಯ ಹಣ, ಆಯ್ಕೆ ಮಾತ್ರ ಕಂಪನಿಯದ್ದು.

ಜಿಲ್ ಅಧಿಕಾರ ವಹಿಸಿಕೊಂಡ ದಿನದ ಭಾಷಣದಲ್ಲಿ ದೋ-ಇನ್ ಮಾತು ತಂದರು. ಮೈಯ ಕೆಲವು ಬಿಂದುಗಳನ್ನು ಬೆರಳಿನಿಂದ ಒತ್ತಿ ಜೀವ ತುಂಬುವ ಜಪಾನೀ ಪದ್ಧತಿ ಅದು. ದೇಶದ ಸಂಸ್ಕೃತಿಯ ಮೈಯಲ್ಲೂ ಹಾಗೆ ಮರೆತುಹೋದ, ಮರಗಟ್ಟಿದ ಬಿಂದುಗಳನ್ನು ಒತ್ತಬೇಕು ಅನ್ನುವುದು ಅವರ ಮಾತಿನ ತಿರುಳು. ಪತ್ರಿಕೆಯವರು ನಕ್ಕರು. 2004ರಲ್ಲಿ ಅದೇ ಯೋಜನೆಯಾಗಿ ಬಂತು. ಕುಲ್ತೂರ ವೀವ, ಅಂದರೆ ಜೀವಂತ ಸಂಸ್ಕೃತಿ. ಅದರಡಿಯಲ್ಲಿ ಗುರುತಿಸಿದ ತಂಡಗಳಿಗೆ ಪೋಂತು ಜಿ ಕುಲ್ತೂರ, ಸಂಸ್ಕೃತಿ ಬಿಂದು ಅಂತ ಹೆಸರು. ಯೋಜನೆಯನ್ನು ರೂಪಿಸಿದ್ದು ಸಚಿವಾಲಯದ ಕಾರ್ಯದರ್ಶಿಯಾಗಿದ್ದ ಸೇಲಿಯು ತುರೀನು. ಈ ಹೆಸರು ಹೇಳದೆ ಎಲ್ಲ ಕೀರ್ತಿ ಜಿಲ್‌ಗೆ ಕೊಡುವವರಿದ್ದಾರೆ, ಅದು ಸರಿಯಲ್ಲ.

ಕೆಲಸ ಮಾಡುವ ರೀತಿ ಸರಳ. ಸರ್ಕಾರ ಹೊಸ ಕಟ್ಟಡ ಕಟ್ಟುವುದಿಲ್ಲ, ಹೊಸ ತಂಡ ಹುಟ್ಟುಹಾಕುವುದಿಲ್ಲ. ಈಗಾಗಲೇ ಏನೋ ಮಾಡುತ್ತಿರುವವರು ಅರ್ಜಿ ಹಾಕಬೇಕು. ಕೊಳೆಗೇರಿಯ ಹಿಪ್‌ಹಾಪ್ ಹುಡುಗರು, ಕಪುಯೆರ ಗುರುವಿನ ಶಾಲೆ, ಗುಲಾಮಗಿರಿಯಿಂದ ತಪ್ಪಿಸಿಕೊಂಡವರು ಕಟ್ಟಿದ ಹಳ್ಳಿಯ ಡೋಲಿನವರು, ಅಮೆಜಾನಿನ ಆದಿವಾಸಿಗಳು, ಯಾರೂ ಆಗಬಹುದು. ಆಯ್ಕೆಯಾದರೆ ಆಗ ಮೂರು ವರ್ಷಕ್ಕೆ 1,85,000 ರಿಯಾಲ್ (ಬ್ರೆಜಿಲ್‌ನ ನಾಣ್ಯ) ಸಿಗುತ್ತಿತ್ತು, ಕಂತಿನಲ್ಲಿ. ಅದರಲ್ಲೇ ಒಂದು ಪಾಲು ಕಂಪ್ಯೂಟರ್, ಧ್ವನಿ ಮತ್ತು ವಿಡಿಯೊ ಸಾಮಾನಿಗೆ. ಅದರಲ್ಲಿ ಓಡುವುದು ಲಿನಕ್ಸ್‌ನಂಥ ಉಚಿತ ಸಾಫ್ಟ್‌ವೇರ್. ಅಂದರೆ ಅಜ್ಜಿಯ ಹಾಡನ್ನು ಮೊಮ್ಮಗನೇ ರೆಕಾರ್ಡ್ ಮಾಡಿ, ತಾನೇ ಮಿಕ್ಸ್ ಮಾಡಿ, ತಾನೇ ನೆಟ್‌ಗೆ ಹಾಕಬಹುದು. ಹೊರಗಿನಿಂದ ಸಂಶೋಧಕರು ಬಂದು ಟೇಪು ತುಂಬಿಸಿಕೊಂಡು ಹೋಗುವ ಕಾಲ ಕಂಡವರಿಗೆ ಇದರ ಬೆಲೆ ಗೊತ್ತು.

ತೊಂದರೆ ಬಂದದ್ದು ಲೆಕ್ಕದಲ್ಲಿ. ದುಡ್ಡು ಕೊಡುವ ಸರ್ಕಾರದ ನಿಯಮಗಳು ರಸ್ತೆ ಗುತ್ತಿಗೆದಾರರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದವು. ಖರ್ಚಿಗೆಲ್ಲ ಕೊಟೇಶನ್, ಬಿಲ್ಲು, ಬ್ಯಾಂಕ್ ಪತ್ರ. ಊರಿನಲ್ಲಿ ಡೋಲಿಗೆ ಚರ್ಮ ಹಾಕುವವನ ಹತ್ತಿರ ಬಿಲ್ ಬುಕ್ ಎಲ್ಲಿಂದ ಬರಬೇಕು? ಕಂತುಗಳು ತಡವಾದವು. ಕೆಲಸ ಮಾಡಿಯೂ ಲೆಕ್ಕ ಒಪ್ಪಿಸಲಾಗದೆ ಒದ್ದಾಡಿದ ತಂಡಗಳು ಬಹಳ. ಯೋಜನೆಯನ್ನು ಹೊಗಳುವ ಬರಹಗಳಲ್ಲಿ ಈ ಭಾಗ ಒಂದು ಸಾಲಿನಲ್ಲಿ ಮುಗಿದುಹೋಗುತ್ತೆ. ಆದರೆ ಆ ಚಿಕ್ಕ ತಂಡಗಳಿಗೆ ಸರ್ಕಾರ ಅಂದರೆ ಅದೇ ಅನುಭವ.

ಇನ್ನೊಂದು ದೊಡ್ಡ ವಿಷಯ ಹಕ್ಕುಸ್ವಾಮ್ಯ. ಜನಪದ ಹಾಡು ಬದುಕುವುದೇ ಒಬ್ಬರ ಬಾಯಿಂದ ಇನ್ನೊಬ್ಬರ ಬಾಯಿಗೆ ಹೋಗಿ. ಹೋಗುವಾಗ ಒಂದು ಸಾಲು ಬದಲಾಗುತ್ತೆ, ಒಂದು ತಾಳ ಸೇರುತ್ತೆ. ಯಾರೂ ಕೇಸು ಹಾಕುವುದಿಲ್ಲ. ಇಂಟರ್ನೆಟ್ ಬಂದಾಗ ಜಿಲ್‌ಗೆ ಅದರಲ್ಲಿ ಕಂಡದ್ದು ಇದೇ ಹಳೆಯ ಹಂಚಿಕೆ. 2004ರಲ್ಲಿ ಕ್ರಿಯೇಟಿವ್ ಕಾಮನ್ಸ್ ಪರವಾನಗಿಗಳು, ಅಂದರೆ ನನ್ನ ಕೃತಿಯನ್ನು ಹೀಗೆ ಬಳಸಿಕೊಳ್ಳಬಹುದು ಅಂತ ಕಟ್ಟಿದವರೇ ಮೊದಲೇ ಕೊಡುವ ಒಪ್ಪಿಗೆಗಳು, ಬ್ರೆಜಿಲ್‌ಗೆ ಬಂದಾಗ ಮಂತ್ರಿಯೇ ಮುಂದೆ ನಿಂತರು. ತಮ್ಮದೇ ಒಂದು ಹಾಡನ್ನು, ಬೇರೆಯವರು ತುಂಡು ತೆಗೆದು ಹೊಸ ಹಾಡಿಗೆ ಬಳಸಿಕೊಳ್ಳಬಹುದು ಅನ್ನುವ ಪರವಾನಗಿಯಡಿ ಬಿಟ್ಟರು. ಎಲ್ಲ ಹಾಡನ್ನೂ ಯಾಕೆ ಬಿಡಲಿಲ್ಲ ಅಂತ ಕೇಳಬಹುದು. ಹಾಡು ಕಟ್ಟಿದವರು ಅವರಾದರೂ ಎಲ್ಲದರ ಕೀಲಿ ಅವರ ಕೈಯಲ್ಲಿರಲಿಲ್ಲ, ರೆಕಾರ್ಡ್ ಕಂಪನಿಯ ಒಪ್ಪಿಗೆ ಬೇಕಿತ್ತು. ದೇಶದ ಮಂತ್ರಿ ತಮ್ಮ ಹಾಡನ್ನು ತಾವೇ ಹಂಚಲಾಗದ ಸ್ಥಿತಿ. ಅವರ ವಾದಕ್ಕೆ ಇದಕ್ಕಿಂತ ಒಳ್ಳೆ ಪುರಾವೆ ಬೇಕಿರಲಿಲ್ಲ.

ಎಲ್ಲ ಸಂಗೀತಗಾರರೂ ಜೊತೆಗಿದ್ದರು ಅಂದುಕೊಳ್ಳಬೇಡಿ. ರಾಯಧನದ ಮೇಲೆ ಬದುಕುವ ಹಾಡು ಬರೆಯುವವರು ಸಿಟ್ಟಾದರು. ನೀವು ಊರೂರು ಸುತ್ತಿ ಕಛೇರಿ ಕೊಟ್ಟು ಗಳಿಸುತ್ತೀರಿ, ಮನೆಯಲ್ಲಿ ಕೂತು ಬರೆಯುವ ನಮಗೆ ಆ ಚೂರುಪಾರು ಹಣವೇ ಊಟ ಅನ್ನುವುದು ಅವರ ತಕರಾರು. ನ್ಯಾಯವಾದ ಮಾತು. ಜಿಲ್ ಇದಕ್ಕೆ ಸಮಾಧಾನದ ಉತ್ತರ ಕೊಟ್ಟರು ಅಂತ ನನಗೆ ಅನ್ನಿಸಿಲ್ಲ.

ಕಪುಯೆರ ವಿಷಯ ಚಿಕ್ಕದಾಗಿ ಹೇಳುತ್ತೇನೆ. ಗುಲಾಮರ ಮಕ್ಕಳ ಈ ಆಟ 1890ರ ದಂಡ ಸಂಹಿತೆಯಲ್ಲಿ ಅಪರಾಧವಾಗಿತ್ತು. 2008ರ ಜುಲೈನಲ್ಲಿ, ಜಿಲ್ ಅಧಿಕಾರದ ಕೊನೆಯ ದಿನಗಳಲ್ಲಿ, ಅದು ದೇಶದ ಸಾಂಸ್ಕೃತಿಕ ಪರಂಪರೆ ಅಂತ ದಾಖಲಾಯಿತು. 2003ರ ಸೆಪ್ಟೆಂಬರ್‌ನಲ್ಲಿ ವಿಶ್ವಸಂಸ್ಥೆಯ ಸಾಮಾನ್ಯ ಸಭೆಯ ಸಭಾಂಗಣದಲ್ಲಿ ಜಿಲ್ ಹಾಡಿದ್ದು, ಪ್ರಧಾನ ಕಾರ್ಯದರ್ಶಿ ಕೋಫಿ ಅನ್ನಾನ್ ಡೋಲು ಬಾರಿಸಿದ್ದು ನೀವು ವಿಡಿಯೊದಲ್ಲಿ ನೋಡಿರಬಹುದು. ಚೆಂದದ ಮುಖದ ಲೆಕ್ಕಕ್ಕೆ ಅದನ್ನು ಬೇಕಾದರೆ ಬರೆದುಕೊಳ್ಳಿ.

ಇನ್ನು ಹೋರಾಟಗಾರ. ಅವರು ಗ್ರೀನ್ ಪಾರ್ಟಿಯ ಮಂತ್ರಿ. 2003ರಲ್ಲೇ ಸರ್ಕಾರ ಕುಲಾಂತರಿ ಸೋಯಾಗೆ ದಾರಿ ಬಿಟ್ಟಿತು. ಪರಿಸರದವರು ಕೆಂಡವಾದರು. ಸಂಸದ ಫರ್ನಾಂಡು ಗಬೇಯ್ರ ಲೂಲರ ಪಕ್ಷವನ್ನೇ ಬಿಟ್ಟು ಹೊರನಡೆದರು. ಜಿಲ್ ಇದ್ದರು. 2005ರಲ್ಲಿ ಸಂಸದರಿಗೆ ಹಣ ಹಂಚಿ ಬೆಂಬಲ ಕೊಂಡ ಹಗರಣ ಸರ್ಕಾರವನ್ನು ಅಲುಗಾಡಿಸಿತು. ಜಿಲ್ ಇದ್ದರು. 2008ರ ಮೇನಲ್ಲಿ ಅಮೆಜಾನ್ ವಿಚಾರದಲ್ಲಿ ಸೋತು ಪರಿಸರ ಮಂತ್ರಿ ಮರೀನ ಸಿಲ್ವ ರಾಜೀನಾಮೆ ಕೊಟ್ಟರು. ಆಗಲೂ ಜಿಲ್ ಇದ್ದರು. ನಗರಸಭೆಯಲ್ಲಿ ಕೂತಿದ್ದ ನೀರಿನ ಹೋರಾಟಗಾರ ಇಷ್ಟಕ್ಕೆಲ್ಲ ಸುಮ್ನೆ ಇರುತ್ತಿರಲಿಲ್ಲ. ಮಂತ್ರಿಮಂಡಲ ಅಂದರೆ ಒಂದೇ ದನಿ ಅನ್ನುವುದು ನಿಯಮ, ನಿಜ. ಆದರೆ ಅವರು ತಮ್ಮ ಖಾತೆಯನ್ನು ಉಳಿಸಿಕೊಳ್ಳಲು ಉಳಿದದ್ದನ್ನು ಬಿಟ್ಟುಕೊಟ್ಟರು. ಖಾತೆಯಲ್ಲೂ ಎಲ್ಲ ಗೆಲ್ಲಲಿಲ್ಲ. ಸಿನಿಮಾ ಮತ್ತು ಟೀವಿಗೆ ನಿಯಂತ್ರಣ ಸಂಸ್ಥೆ ತರುವ 2004ರ ಕರಡು ಕಾನೂನಿಗೆ ದೊಡ್ಡ ಟೀವಿ ಕಂಪನಿಗಳು, ಸಿನಿಮಾದವರಲ್ಲೇ ಕೆಲವರು ತಿರುಗಿಬಿದ್ದರು. ಸರ್ಕಾರ ಹಿಂದೆ ಸರಿಯಿತು.

ಬೇರೆ ದೇಶದ ಹಾಡುಗಾರ ಮಂತ್ರಿಗಳನ್ನು ನೋಡಿದರೆ ಈ ಬೆಲೆ ಕಡಿಮೆಯೇ ಅನ್ನಿಸುತ್ತೆ. ಆಸ್ಟ್ರೇಲಿಯಾದ ಪೀಟರ್ ಗ್ಯಾರೆಟ್ ರಾಕ್ ಹಾಡುಗಾರ, ಅಣ್ವಸ್ತ್ರ ವಿರೋಧಿ ಪಕ್ಷದಿಂದ 1984ರಲ್ಲಿ ಸೆನೆಟ್‌ಗೆ ನಿಂತವರು. ಪರಿಸರ ಮಂತ್ರಿಯಾಗಿ 2009ರಲ್ಲಿ ಯುರೇನಿಯಂ ಗಣಿಗೆ ಒಪ್ಪಿಗೆ ಕೊಟ್ಟದ್ದು ಅವರೇ. ಪೆರು ದೇಶದ ಸುಸಾನ ಬಾಕ, ಕಪ್ಪು ಜನರ ಜನಪದ ಹಾಡುಗಳನ್ನು ಹುಡುಕಿ ಹಾಡಿದವರು, 2011ರ ಜುಲೈನಲ್ಲಿ ಸಂಸ್ಕೃತಿ ಮಂತ್ರಿಯಾದರು. ಡಿಸೆಂಬರ್‌ನಲ್ಲಿ ಸಂಪುಟ ಬದಲಾದಾಗ ಖಾತೆ ಹೋಯಿತು. ಕುರ್ಚಿ ಬೆಚ್ಚಗಾಗಲೂ ಸಮಯ ಸಿಗಲಿಲ್ಲ. ಜಿಲ್‌ಗೆ ಐದೂವರೆ ವರ್ಷ ಸಿಕ್ಕಿತು, ಲೂಲರ ಬೆಂಬಲ ಸಿಕ್ಕಿತು, ತಮ್ಮ ಹೋರಾಟದ ವಿಷಯವೇ ಖಾತೆಯಾಗಿ ಸಿಕ್ಕಿತು. ಗ್ಯಾರೆಟ್‌ಗೂ ತಮ್ಮ ಹೋರಾಟದ ವಿಷಯವೇ ಸಿಕ್ಕಿತ್ತು, ಆದರೆ ಅಲ್ಲಿ ಗಣಿ ಕಂಪನಿಗಳಿದ್ದವು. ಸಂಸ್ಕೃತಿ ಖಾತೆಗೆ ಬಜೆಟ್ಟಿನಲ್ಲಿ ಶೇಕಡಾ ಒಂದೂ ಸಿಗುತ್ತಿರಲಿಲ್ಲ. ದುಡ್ಡಿಲ್ಲದ ಕಡೆ ಕಾಲೆಳೆಯುವವರೂ ಕಡಿಮೆ.

2008ರ ಜುಲೈ ಕೊನೆಗೆ ರಾಜೀನಾಮೆ ಕೊಟ್ಟರು. ಸಂಗೀತಕ್ಕೆ ಸಮಯ ಬೇಕು ಅಂದರು. ಅವರ ಜೊತೆಗಾರ ಜೂಕ ಫೆರೇರ ಮುಂದುವರಿಸಿದರು. ಆಮೇಲಿನ ಕಥೆ ಇನ್ನೂ ಸ್ವಾರಸ್ಯ. 2011ರಲ್ಲಿ ಬಂದ ಮಂತ್ರಿ ಆನ ಜಿ ಒಲಾಂದ ಕೂಡ ಹಾಡುಗಾರ್ತಿಯೇ. ಬಂದ ತಿಂಗಳಲ್ಲೇ ಸಚಿವಾಲಯದ ವೆಬ್‌ಸೈಟಿನಿಂದ ಕ್ರಿಯೇಟಿವ್ ಕಾಮನ್ಸ್ ಪರವಾನಗಿ ತೆಗೆಸಿದರು. ಹಾಡುಗಾರರೆಲ್ಲ ಮಂತ್ರಿಯಾದರೆ ಒಂದೇ ಥರ ಯೋಚಿಸುತ್ತಾರೆ ಅನ್ನುವವರು ಇದನ್ನು ನೆನಪಿಟ್ಟುಕೊಳ್ಳಬೇಕು. 2014ರಲ್ಲಿ ಕುಲ್ತೂರ ವೀವ ಕಾನೂನೇ ಆಯಿತು, ಲೆಕ್ಕ ಒಪ್ಪಿಸುವ ಕಷ್ಟವನ್ನು ಸ್ವಲ್ಪ ಹಗುರ ಮಾಡಿತು. 2016ರಲ್ಲಿ ಹೊಸ ಸರ್ಕಾರ ಸಂಸ್ಕೃತಿ ಸಚಿವಾಲಯವನ್ನೇ ಮುಚ್ಚಿತು. ಕಲಾವಿದರು ದೇಶದ ಉದ್ದಗಲ ಅದರ ಕಟ್ಟಡಗಳಿಗೆ ನುಗ್ಗಿ ಕೂತರು. ಕೆಲವೇ ದಿನದಲ್ಲಿ ಸರ್ಕಾರ ಮಣಿಯಿತು. 2019ರಲ್ಲಿ ಬೊಲ್ಸೊನಾರು ಅಧ್ಯಕ್ಷರಾಗಿ ಬಂದು ಮತ್ತೆ ಮುಚ್ಚಿದರು. 2023ರಲ್ಲಿ ಲೂಲ ವಾಪಸು ಬಂದು ತೆರೆದರು. ಖಾತೆ ಕೊಟ್ಟದ್ದು ಸಾಲ್ವಡಾರ್‌ನ ಕಪ್ಪು ಹಾಡುಗಾರ್ತಿ ಮಾರ್ಗರೆತ್ ಮೆನೆಜಿಸ್‌ಗೆ.

ಹಾಡು ಏನಾಯಿತು ಅಂತ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಮಂತ್ರಿಯಾಗಿದ್ದಾಗ ಅವರು ಹೊಸದಾಗಿ ಕಟ್ಟಿದ್ದು ಕಡಿಮೆ. ಹಳೆಯ ಹಾಡುಗಳ ಕಛೇರಿಯ ಧ್ವನಿಮುದ್ರಿಕೆಗೆ ಗ್ರ್ಯಾಮಿ ಬಂತು. ಹೊಸ ಹಾಡುಗಳ ಆಲ್ಬಂ ಹೊರಬಂದದ್ದು ರಾಜೀನಾಮೆಯ ವರ್ಷವೇ. ಅದರ ಹೆಸರಿನಲ್ಲಿ ಬ್ರಾಡ್‌ಬ್ಯಾಂಡ್ ಇದೆ, ಜೊತೆಗೆ ಈಶಾನ್ಯದ ಸಂತೆಗಳಲ್ಲಿ ಹಗ್ಗಕ್ಕೆ ನೇತುಹಾಕಿ ಮಾರುವ ಲಾವಣಿ ಪುಸ್ತಕಗಳ ಹೆಸರೂ ಇದೆ. 1967ರ ಆ ಸ್ಪರ್ಧೆಯ ಹಾಡನ್ನು ಮೊದಲು ಕೇಳಿ, ಆಮೇಲೆ ಇದಕ್ಕೆ ಬನ್ನಿ. ಮೊದಲನೆಯದೇ ಒಳ್ಳೆಯದು ಅಂತ ನನಗೆ ಅನ್ನಿಸುತ್ತೆ, ಅದರಲ್ಲೂ ಬೆರಿಂಬಾವ್ ಮತ್ತು ಗಿಟಾರ್ ಒಟ್ಟಿಗೆ ಸೇರುವ ಜಾಗ.